ಪಕ್ಕದ ಕುಬ್ಜ ಗೆಲಾಕ್ಸಿಯ ನೀಹಾರಿಕೆಗಳನ್ನು ನೋಡುವುದು ಹೇಗೆ? ಎನ್‌ಜಿಸಿ 6822ಕ್ಕೆ ಒಂದು ಸಮಗ್ರ ಮಾರ್ಗದರ್ಶಿ

ಟೆಲಿಸ್ಕೋಪ್ ಕೊಂಡವರೆಲ್ಲ ಮೊದಲ ವರ್ಷದಲ್ಲೇ ಮಹಾವ್ಯಾಧನ ನೀಹಾರಿಕೆಯನ್ನು ನೋಡಿ ಮುಗಿಸಿರುತ್ತಾರೆ. ಅನಿಲದ ಮೋಡ, ಅದರೊಳಗೆ ಹೊಸದಾಗಿ ಹುಟ್ಟಿದ ನಕ್ಷತ್ರಗಳು, ಅವುಗಳ ಕಾವಿಗೆ ಹೊಳೆಯುವ ಆ ಮೋಡ. ಇದೆಲ್ಲ ನಮ್ಮದೇ ಗೆಲಾಕ್ಸಿಯಲ್ಲಿ, ಸುಮಾರು 1,340 ಜ್ಯೋತಿರ್ವರ್ಷ ದೂರದಲ್ಲಿ ಇದೆ. ಇಂಥದ್ದೇ ಮೋಡವನ್ನು ಇನ್ನೊಂದು ಗೆಲಾಕ್ಸಿಯ ಒಳಗೆ, ನಿಮ್ಮದೇ 8 ಇಂಚಿನ ಟೆಲಿಸ್ಕೋಪಿನಲ್ಲಿ, ನಿಮ್ಮದೇ ಕಣ್ಣಿಂದ ನೋಡಬಹುದು ಅಂದರೆ ಹೆಚ್ಚಿನವರು ನಂಬುವುದಿಲ್ಲ. ನೋಡಬಹುದು. ಚುಕ್ಕೆಗಿಂತ ಸ್ವಲ್ಪ ದಪ್ಪ, ಅಷ್ಟೇ. ಆದರೆ ಆ ಬೆಳಕು ಹೊರಟು 16 ಲಕ್ಷ ವರ್ಷವಾಗಿದೆ.

ಆ ಗೆಲಾಕ್ಸಿಯ ಹೆಸರು ಎನ್‌ಜಿಸಿ 6822. ಬರ್ನಾರ್ಡ್ ಗೆಲಾಕ್ಸಿ ಅಂತಲೂ ಕರೆಯುತ್ತಾರೆ. ಇರುವುದು ಧನು ರಾಶಿಯಲ್ಲಿ, ಮಕರದ ಗಡಿಯ ಹತ್ತಿರ. ಇದನ್ನು ನೋಡಲು ಎರಡು ಕೆಲಸ ಬೇರೆ ಬೇರೆಯಾಗಿ ಮಾಡಬೇಕು. ಗೆಲಾಕ್ಸಿಯನ್ನು ಹಿಡಿಯುವುದು ಒಂದು, ಅದರೊಳಗಿನ ನೀಹಾರಿಕೆಗಳನ್ನು ಹಿಡಿಯುವುದು ಇನ್ನೊಂದು. ಮೊದಲನೆಯದಕ್ಕೆ ಕಡಿಮೆ ವರ್ಧನೆ ಬೇಕು, ಫಿಲ್ಟರ್ ಬೇಡ. ಎರಡನೆಯದಕ್ಕೆ ಜಾಸ್ತಿ ವರ್ಧನೆ ಬೇಕು, ಫಿಲ್ಟರ್ ಬೇಕೇ ಬೇಕು. ಎರಡನ್ನೂ ಒಂದೇ ಐಪೀಸಿನಲ್ಲಿ (ಕಣ್ಣಿಡುವ ಕಡೆಯ ಮಸೂರ, ವರ್ಧನೆ ಬದಲಿಸುವುದು ಇದರಿಂದಲೇ) ಮುಗಿಸಲು ಹೋದವರಿಗೆ ಎರಡೂ ಸಿಗುವುದಿಲ್ಲ.

ಮೊದಲು ಗೆಲಾಕ್ಸಿಯ ಪರಿಚಯ

ಎಡ್ವರ್ಡ್ ಎಮರ್ಸನ್ ಬರ್ನಾರ್ಡ್ ಇದನ್ನು 1884ರಲ್ಲಿ ಕಂಡುಹಿಡಿದದ್ದು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ. ಆಗ ಅವರಿಗೆ 26 ವರ್ಷ. ಬಡ ಮನೆಯ ಹುಡುಗ, ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡಿ ಬೆಳೆದವರು. ಅವರ ಕೈಯಲ್ಲಿದ್ದದ್ದು ಇವತ್ತು ನಮ್ಮ ಹವ್ಯಾಸಿಗಳು ಇಟ್ಟುಕೊಂಡಿರುವುದಕ್ಕಿಂತ ದೊಡ್ಡದೇನೂ ಅಲ್ಲದ ಟೆಲಿಸ್ಕೋಪ್. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ನಂತರ ಬಂದವರು ಎಡ್ವಿನ್ ಹಬಲ್. ಮೌಂಟ್ ವಿಲ್ಸನ್‌ನ 100 ಇಂಚಿನ ಟೆಲಿಸ್ಕೋಪಿನಲ್ಲಿ ಇದರ ಫೋಟೋಗಳನ್ನು ತೆಗೆದು, 11 ಸೆಫೀಡ್ ನಕ್ಷತ್ರಗಳನ್ನು (ಹೊಳಪು ಏರಿಳಿಯುವ ಅವಧಿಯಿಂದ ದೂರ ಲೆಕ್ಕ ಹಾಕಬಹುದಾದವು) ಗುರುತಿಸಿ, ಇದು ನಮ್ಮ ಆಕಾಶಗಂಗೆಯಿಂದ ಬಹಳ ಹೊರಗಿದೆ ಎಂದು 1925ರಲ್ಲಿ ಪ್ರಕಟಿಸಿದರು. ಅವರು ಲೆಕ್ಕ ಹಾಕಿದ ದೂರ ಸುಮಾರು 7 ಲಕ್ಷ ಜ್ಯೋತಿರ್ವರ್ಷ. ಈಗಿನ ಲೆಕ್ಕ ಅದರ ಎರಡು ಪಟ್ಟಿಗಿಂತ ಜಾಸ್ತಿ, ಸುಮಾರು 16 ಲಕ್ಷ. ಆದರೂ ಆಂಡ್ರೊಮಿಡಾಗಿಂತ ಹತ್ತಿರ. ಅದೇ ಲೇಖನದಲ್ಲಿ ಹಬಲ್ ಗೆಲಾಕ್ಸಿಯೊಳಗಿನ ನೀಹಾರಿಕೆ ಮತ್ತು ಗುಚ್ಛಗಳಿಗೆ 1ರಿಂದ 10ರವರೆಗೆ ನಂಬರ್ ಕೊಟ್ಟರು. ನಾವು ನೋಡಲು ಹೊರಟಿರುವುದು ಅವುಗಳಲ್ಲಿ ಮುಖ್ಯವಾಗಿ ಎರಡನ್ನು: ಹಬಲ್ 5 ಮತ್ತು ಹಬಲ್ 10. ನಕ್ಷೆಗಳಲ್ಲಿ ಇವನ್ನು ರೋಮನ್ ಅಂಕಿಗಳಲ್ಲಿ ಬರೆದಿರುತ್ತಾರೆ. ಹಬಲ್ 10ಕ್ಕೆ ಐಸಿ 1308 ಎಂಬ ಇನ್ನೊಂದು ಹೆಸರೂ ಇದೆ.

ಇವು ಎಷ್ಟು ದೊಡ್ಡವು? ಹಬಲ್ 5ರ ಅಗಲ ಸುಮಾರು 200 ಜ್ಯೋತಿರ್ವರ್ಷ. ಹಬಲ್ 10ರದ್ದು ಸುಮಾರು 110. ನಮ್ಮ ಮಹಾವ್ಯಾಧನ ನೀಹಾರಿಕೆ ಸುಮಾರು 24 ಜ್ಯೋತಿರ್ವರ್ಷ ಅಗಲ. ಅದನ್ನು ಎತ್ತಿ ಅಲ್ಲಿಟ್ಟರೆ ನಮಗೆ ಬರೀ 3 ಆರ್ಕ್‌ಸೆಕೆಂಡ್ ಕಾಣುತ್ತಿತ್ತು. (ಒಂದು ಡಿಗ್ರಿಯ 60ನೇ ಒಂದು ಭಾಗ ಆರ್ಕ್‌ಮಿನಿಟ್, ಅದರ 60ನೇ ಒಂದು ಭಾಗ ಆರ್ಕ್‌ಸೆಕೆಂಡ್.) ಅಂದರೆ ನಕ್ಷತ್ರಕ್ಕೂ ಅದಕ್ಕೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಹಬಲ್ 5 ಸುಮಾರು 26 ಆರ್ಕ್‌ಸೆಕೆಂಡ್, ಹಬಲ್ 10 ಸುಮಾರು 14. ಸಣ್ಣವೇ, ಆದರೆ ಚುಕ್ಕೆಯಲ್ಲ ಅಂತ ಕಣ್ಣು ಹೇಳುವಷ್ಟು ದೊಡ್ಡವು. ಹಬಲ್ 10ರ ನಡುವೆ ಸುಮಾರು 40 ಲಕ್ಷ ವರ್ಷಗಳ ಹಿಂದೆ ಹುಟ್ಟಿದ ಸಾವಿರಾರು ನಕ್ಷತ್ರಗಳ ಗುಚ್ಛ ಇದೆ. ಗುಚ್ಛದ ಬಿಸಿ ನಕ್ಷತ್ರಗಳು ಅತಿನೇರಳೆ ಬೆಳಕನ್ನು ಸುರಿಯುತ್ತವೆ, ಸುತ್ತಲಿನ ಅನಿಲ ಅದನ್ನು ಹೀರಿ ತನ್ನದೇ ಬಣ್ಣಗಳಲ್ಲಿ ವಾಪಸ್ ಕೊಡುತ್ತದೆ. ಈ 'ತನ್ನದೇ ಬಣ್ಣ' ಇರುವುದರಿಂದಲೇ ನಮ್ಮ ಫಿಲ್ಟರ್ ಕೆಲಸ ಮಾಡುವುದು.

ಯಾಕೆ ಇಷ್ಟು ಕಷ್ಟ ಅನ್ನುತ್ತಾರೆ?

ಪಟ್ಟಿ ನೋಡಿದರೆ ಎನ್‌ಜಿಸಿ 6822ರ ಕಾಂತಿಮಾನ (ಹೊಳಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಮಂಕು) ಸುಮಾರು 9. "ಅಯ್ಯೋ, ಇದು ಸುಲಭ" ಅನ್ನಿಸುತ್ತದೆ ಅಲ್ವಾ? ಆದರೆ ಅಷ್ಟು ಬೆಳಕು ಸುಮಾರು 15 ಆರ್ಕ್‌ಮಿನಿಟ್ ಅಗಲಕ್ಕೆ, ಅಂದರೆ ಹುಣ್ಣಿಮೆ ಚಂದ್ರನ ಅರ್ಧ ಅಗಲಕ್ಕೆ ಹರಡಿದೆ. ಯಾವ ಜಾಗದಲ್ಲೂ ದಟ್ಟವಾಗಿಲ್ಲ.

ಇದನ್ನು ಅರ್ಥಮಾಡಿಕೊಳ್ಳಲು ಆಕಾಶವೇ ಪಕ್ಕದಲ್ಲಿ ಒಂದು ಪಾಠ ಇಟ್ಟಿದೆ. ಗೆಲಾಕ್ಸಿಯಿಂದ ಸುಮಾರು 40 ಆರ್ಕ್‌ಮಿನಿಟ್ ಉತ್ತರಕ್ಕೆ, ತುಸು ಪಶ್ಚಿಮಕ್ಕೆ ವಾಲಿದಂತೆ ಎನ್‌ಜಿಸಿ 6818 ಎಂಬ ಗ್ರಹೀಯ ನೀಹಾರಿಕೆ, ಅಂದರೆ ಸಾಯುತ್ತಿರುವ ನಕ್ಷತ್ರ ಹೊರಚೆಲ್ಲಿದ ಅನಿಲದ ಮೋಡ, ಇದೆ. ಅದರ ಕಾಂತಿಮಾನವೂ 9ರ ಆಸುಪಾಸು. ಆದರೆ ಅಷ್ಟೂ ಬೆಳಕು 20 ಆರ್ಕ್‌ಸೆಕೆಂಡಿನಷ್ಟು ಪುಟ್ಟ ಜಾಗದಲ್ಲಿ ಒತ್ತೊತ್ತಾಗಿದೆ. ಹೆಚ್ಚು ಕಡಿಮೆ ಒಂದೇ ಕಾಂತಿಮಾನದ ಎರಡು ಕಾಯಗಳು, ಒಂದೇ ಐಪೀಸಿನ ನೋಟದೊಳಗೆ. ಒಂದು, ವರ್ಧನೆ ಏರಿಸಿದರೆ, ಸಣ್ಣ ನೀಲಿ-ಹಸಿರು ತಟ್ಟೆಯಾಗಿ ಥಟ್ಟನೆ ಸಿಗುತ್ತದೆ. ಇನ್ನೊಂದು ಇದೆಯೋ ಇಲ್ಲವೋ ಅನ್ನುವ ಹಾಗೆ ಇರುತ್ತದೆ. ಪಟ್ಟಿಯ ಕಾಂತಿಮಾನವನ್ನು ಮಾತ್ರ ನಂಬಿ ಹೊರಟರೆ ಏನಾಗುತ್ತದೆ ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ಈ ಗೆಲಾಕ್ಸಿಯ ಬಗ್ಗೆ "ಭಾರಿ ಕಷ್ಟ" ಎಂದು ಬರೆದಿರುವ ಎಷ್ಟೋ ಮಾರ್ಗದರ್ಶಿಗಳು ಯುರೋಪಿನವು. ಲಂಡನ್ನಿನಲ್ಲಿ ಇದು ಅತಿ ಎತ್ತರಕ್ಕೆ ಬಂದಾಗಲೂ ದಿಗಂತದಿಂದ 24 ಡಿಗ್ರಿ ದಾಟುವುದಿಲ್ಲ. ಬೆಂಗಳೂರಿನಲ್ಲಿ 62 ಡಿಗ್ರಿ. ಬೀದರ್‌ನಲ್ಲಿ 57. ನಡುವೆ ಇರುವ ಗಾಳಿಯ ದಪ್ಪ ನಮಗೆ ಎಷ್ಟೋ ಕಡಿಮೆ. ಅವರ ನಿರಾಶೆಯನ್ನು ನಾವು ಸಾಲ ತರಬೇಕಿಲ್ಲ.

ಯಾವಾಗ ನೋಡಬೇಕು

ನಡುರಾತ್ರಿ ನೆತ್ತಿಯ ಹತ್ತಿರ ಬರುವುದು ಜುಲೈನಲ್ಲಿ. ಆಗ ನಮ್ಮಲ್ಲಿ ಮುಂಗಾರು. ಹಾಗಾಗಿ ಜುಲೈ, ಆಗಸ್ಟ್ ಮರೆತುಬಿಡಿ. ನಮಗೆ ಉಳಿಯುವುದು ಎರಡು ಕಿಟಕಿ.

ಒಂದು, ಮಳೆ ಮುಗಿದ ಮೇಲಿನ ಸಂಜೆಗಳು. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ, ಕತ್ತಲಾಗುವ ಹೊತ್ತಿಗೆ ಗೆಲಾಕ್ಸಿ ಹೆಚ್ಚು ಕಡಿಮೆ ದಕ್ಷಿಣದ ನಡುಗೆರೆಯ (ನೆತ್ತಿಯ ಮೇಲೆ ಹಾಯುವ ಉತ್ತರ-ದಕ್ಷಿಣ ಗೆರೆ) ಮೇಲೇ ಇರುತ್ತದೆ. ಅಕ್ಟೋಬರ್ 15ರಂದು ಸಂಜೆ 7:10ಕ್ಕೆ ಪೂರ್ತಿ ಕತ್ತಲಾದಾಗ ಅದು 60 ಡಿಗ್ರಿ ಎತ್ತರದಲ್ಲಿರುತ್ತದೆ, 9 ಗಂಟೆ ದಾಟುವಷ್ಟರಲ್ಲಿ 40ರ ಹತ್ತಿರ ಇಳಿಯುತ್ತದೆ. ಎರಡು ಗಂಟೆ ಸಿಕ್ಕಿತು ಅಂದುಕೊಳ್ಳಿ. ದೀಪಾವಳಿ ಅಮಾವಾಸ್ಯೆ ನವೆಂಬರಿನಲ್ಲಿ ಬಂದರೆ ಕತ್ತಲಾಗುವಾಗಲೇ ಅದು 45 ಡಿಗ್ರಿಗೆ ಇಳಿದಿರುತ್ತದೆ. ಜೊತೆಗೆ ಪಟಾಕಿಯ ಹೊಗೆ ಬೇರೆ. ನನ್ನ ಆಯ್ಕೆ ಯಾವತ್ತೂ ಮಹಾಲಯ ಅಮಾವಾಸ್ಯೆಯೇ, ಮೋಡ ಬಿಟ್ಟರೆ.

ಎರಡನೆಯ ಕಿಟಕಿ ಬೇಸಿಗೆಯ ಬೆಳಗಿನ ಜಾವ. ಯುಗಾದಿಯ ಹಿಂದಿನ ಅಮಾವಾಸ್ಯೆಯಲ್ಲಿ ಬೆಳಗಿನ 5ಕ್ಕೆ ಆಗ್ನೇಯದಲ್ಲಿ 38-40 ಡಿಗ್ರಿ ಎತ್ತರದಲ್ಲಿರುತ್ತದೆ. ಏಪ್ರಿಲ್‌ನಲ್ಲಿ ಇನ್ನೂ ಮೇಲೆ. ಮೇ ಮಧ್ಯದಲ್ಲಿ 4 ಗಂಟೆಗೇ ನಡುಗೆರೆಯ ಹತ್ತಿರ, ಆದರೆ ಆಗ ಮಳೆ ಮೋಡಗಳ ಕಾಟ ಶುರು. ಏಪ್ರಿಲ್ ಬೆಳಗಿನ ಜಾವಕ್ಕೆ ಒಂದು ಅನುಕೂಲ ಇದೆ: ಊರಿನ ದೀಪ, ವಾಹನ ಎಲ್ಲ ಕಡಿಮೆ. ಅನನುಕೂಲ, ಎದ್ದೇಳಬೇಕು.

ಚಂದ್ರ ಇರಲೇಬಾರದು. ಅರ್ಧಚಂದ್ರ ಇದ್ದರೂ ಗೆಲಾಕ್ಸಿ ಹೋಯಿತು ಅಂತಲೇ ಲೆಕ್ಕ.

ಎಲ್ಲಿಂದ ನೋಡಬೇಕು

ಕತ್ತಲ ಜಾಗ ಅನ್ನುವುದಕ್ಕಿಂತ 'ದಕ್ಷಿಣ ಕತ್ತಲಾಗಿರುವ ಜಾಗ' ಅನ್ನಿ. ಸಂಜೆ ನೋಡುವುದಾದರೆ ಗೆಲಾಕ್ಸಿ ದಕ್ಷಿಣದಿಂದ ನೈಋತ್ಯಕ್ಕೆ ಇಳಿಯುತ್ತದೆ. ಬೆಂಗಳೂರಿನವರು ಅಭ್ಯಾಸಬಲದಿಂದ ನಂದಿಬೆಟ್ಟ, ಚಿಕ್ಕಬಳ್ಳಾಪುರದ ಕಡೆ ಹೋಗುತ್ತಾರೆ. ಆಗ ಇಡೀ ನಗರದ ಬೆಳಕು ದಕ್ಷಿಣಕ್ಕೇ ಎದ್ದು ನಿಂತಿರುತ್ತದೆ. ಅದರ ಬದಲು ಕನಕಪುರದ ಆಚೆ ಹೋದರೆ ಆ ಬೆಳಕು ಬೆನ್ನ ಹಿಂದೆ ಬೀಳುತ್ತದೆ. ಮೈಸೂರು, ಹುಬ್ಬಳ್ಳಿ, ಕಲಬುರಗಿ ಯಾವ ಊರಿಗಾದರೂ ಇದೇ ಲೆಕ್ಕ: ಊರಿನ ದಕ್ಷಿಣಕ್ಕೆ ಹೋಗಿ.

ಮಲೆನಾಡಿನ ಕತ್ತಲು ಚೆನ್ನಾಗಿದೆ, ಆದರೆ ಅಕ್ಟೋಬರಿನಲ್ಲಿ ಮೋಡ ಮತ್ತು ತೇವ ಸುಲಭಕ್ಕೆ ಬಿಡುವುದಿಲ್ಲ. ಬಯಲುಸೀಮೆಯ ಹಳ್ಳಿಗಳೇ ವಾಸಿ. ಚಿತ್ರದುರ್ಗದ ಕಡೆ ಗಾಳಿಯಂತ್ರಗಳ ಕೆಂಪು ದೀಪಗಳು ದಕ್ಷಿಣಕ್ಕೆ ಬೀಳದಂತೆ ಜಾಗ ನೋಡಿಕೊಳ್ಳಿ. ಹೊಲದ ಯಜಮಾನರನ್ನು ಹಗಲಿನಲ್ಲೇ ಕೇಳಿ, ಊರಿನಲ್ಲಿ ಒಬ್ಬಿಬ್ಬರಿಗೆ ತಿಳಿಸಿಡಿ. ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಮೋಟಾರ್ ಹಾಕಲು ಬರುವವರು ಟಾರ್ಚ್ ಬಿಟ್ಟೇ ಬಿಡುತ್ತಾರೆ, ಅದು ಅವರ ಹೊಲ. ಮಳೆ ಮುಗಿದ ಮೇಲೆ ಹುಲ್ಲಿನಲ್ಲಿ ಹಾವು ಇರುತ್ತದೆ, ಶೂ ಹಾಕಿಕೊಳ್ಳಿ.

ಕತ್ತಲು ಸಾಕೋ ಇಲ್ಲವೋ ಪರೀಕ್ಷಿಸಲು ಆ್ಯಪ್ ಬೇಡ. ಗೆಲಾಕ್ಸಿಯ ಹತ್ತಿರ ಧನು ರಾಶಿಯ 54 ಮತ್ತು 55 ನಂಬರಿನ ನಕ್ಷತ್ರಗಳಿವೆ. ಕಾಂತಿಮಾನ 5.3 ಮತ್ತು 5.1. ಇವು ಬರಿಗಣ್ಣಿಗೆ ಕಂಡರೆ ಇವತ್ತು ಪ್ರಯತ್ನಿಸಬಹುದು. ಕಾಣದೇ ಇದ್ದರೆ ಎನ್‌ಜಿಸಿ 6818 ನೋಡಿಕೊಂಡು ಬನ್ನಿ, ಗೆಲಾಕ್ಸಿಗೆ ಇನ್ನೊಂದು ದಿನ ಹೋಗಿ.

ಜುಲೈ-ಆಗಸ್ಟ್‌ನಲ್ಲಿ ಲಡಾಖ್ ಪ್ರವಾಸ ಹೋಗುವವರಿಗೆ ಒಂದು ಮಾತು. ಹಾನ್ಲೆಯ ಸುತ್ತ ಸರ್ಕಾರವೇ ಕತ್ತಲು ಕಾಪಾಡುವ ಪ್ರದೇಶ ಘೋಷಿಸಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ಟೆಲಿಸ್ಕೋಪ್ ಇರುವುದು ಅಲ್ಲೇ, ಅದನ್ನು ನಮ್ಮ ಹೊಸಕೋಟೆಯಿಂದ ನಡೆಸುತ್ತಾರೆ. ಅಲ್ಲಿ ಗೆಲಾಕ್ಸಿ 42 ಡಿಗ್ರಿ ಎತ್ತರಕ್ಕೆ ಮಾತ್ರ ಬರುತ್ತದೆ, ಆದರೆ 4,000 ಮೀಟರಿಗೂ ಮೇಲಿನ ಒಣ ಗಾಳಿ ಆ ಕೊರತೆಯನ್ನು ತುಂಬಿಕೊಡುತ್ತದೆ. ಬೈನಾಕ್ಯುಲರ್ ಒಂದನ್ನು ಬ್ಯಾಗಿಗೆ ಹಾಕಿಕೊಳ್ಳಿ, ಸಾಕು.

ಏನೇನು ಬೇಕು

ಗೆಲಾಕ್ಸಿಯ ಮಸುಕನ್ನು ನೋಡಲು 10x50 ಅಥವಾ 15x70 ಬೈನಾಕ್ಯುಲರ್ ಸಾಕು, ಸ್ಟ್ಯಾಂಡ್ ಮೇಲೆ ಕೂರಿಸಿದ್ದರೆ. 80-100 ಮಿ.ಮೀ. ರಿಫ್ರ್ಯಾಕ್ಟರ್ ಇನ್ನೂ ಚೆನ್ನ. ನೀಹಾರಿಕೆಗಳಿಗೆ 8 ಇಂಚು ಶುರುವಾತು, 10-12 ಇಂಚಿದ್ದರೆ ಆರಾಮ.

ಇಲ್ಲಿ ಒಂದು ಲೆಕ್ಕ ಗೊತ್ತಿರಬೇಕು. ಐಪೀಸಿನಿಂದ ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ ಎಷ್ಟು ಅನ್ನುವುದು. ಟೆಲಿಸ್ಕೋಪಿನ ಅಗಲವನ್ನು ವರ್ಧನೆಯಿಂದ ಭಾಗಿಸಿದರೆ ಬರುತ್ತದೆ. 1200 ಮಿ.ಮೀ. ನಾಭಿದೂರದ 8 ಇಂಚಿನ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೂರುವ ಕನ್ನಡಿ ಟೆಲಿಸ್ಕೋಪ್) ಇಟ್ಟುಕೊಳ್ಳಿ. 32 ಮಿ.ಮೀ. ಐಪೀಸ್ ಹಾಕಿದರೆ 37 ಪಟ್ಟು, ಬೆಳಕಿನ ಕಂಬ 5.4 ಮಿ.ಮೀ. ಗೆಲಾಕ್ಸಿಗೆ ಇದೇ ಸರಿ. 20 ಮಿ.ಮೀ. ಹಾಕಿದರೆ 60 ಪಟ್ಟು, 3.4 ಮಿ.ಮೀ. 10 ಮಿ.ಮೀ. ಹಾಕಿದರೆ 120 ಪಟ್ಟು, 1.7 ಮಿ.ಮೀ. ನೀಹಾರಿಕೆಗಳ ಕೆಲಸ ಈ ಕೊನೆಯ ಎರಡರ ನಡುವೆ ನಡೆಯುತ್ತದೆ.

ಫಿಲ್ಟರ್‌ಗಳಲ್ಲಿ ಆಯ್ಕೆ ಎರಡು. ಓ-3 ಫಿಲ್ಟರ್ ಆಕ್ಸಿಜನ್ನಿನ 495.9 ಮತ್ತು 500.7 ನ್ಯಾನೋಮೀಟರ್ ಬೆಳಕನ್ನು ಮಾತ್ರ ಬಿಡುತ್ತದೆ. ಯುಎಚ್‌ಸಿ ಫಿಲ್ಟರ್ ಅದರ ಜೊತೆ ಹೈಡ್ರೋಜನ್ನಿನ 486.1 ಅನ್ನೂ ಬಿಡುತ್ತದೆ. ಒಂದೇ ಕೊಳ್ಳುವುದಾದರೆ? 8 ಇಂಚಿನವರಿಗೆ ಯುಎಚ್‌ಸಿ ಬೇರೆ ಕಡೆಗಳಲ್ಲೂ ಉಪಯೋಗಕ್ಕೆ ಬರುತ್ತದೆ. ಈ ಗೆಲಾಕ್ಸಿಗೇ ಅಂದರೆ ಓ-3. ಬೇರೆ ಗೆಲಾಕ್ಸಿ ಅಂದಮೇಲೆ ಬೆಳಕಿನ ಬಣ್ಣ ಸರಿದು ಫಿಲ್ಟರಿನಿಂದ ಹೊರಗೆ ಹೋಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಎನ್‌ಜಿಸಿ 6822 ನಮ್ಮ ಕಡೆಗೇ ಸೆಕೆಂಡಿಗೆ ಸುಮಾರು 57 ಕಿ.ಮೀ. ವೇಗದಲ್ಲಿ ಬರುತ್ತಿದೆ. ಅದರಿಂದ ಬಣ್ಣ ಸರಿಯುವುದು ನ್ಯಾನೋಮೀಟರಿನ ಹತ್ತನೇ ಒಂದು ಭಾಗ ಮಾತ್ರ. ಫಿಲ್ಟರಿಗೆ ಅದು ಗೊತ್ತೂ ಆಗುವುದಿಲ್ಲ.

ಇದರ ಜೊತೆ ತಲೆಗೆ ಹೊದೆಯಲು ಒಂದು ಕಪ್ಪು ಬಟ್ಟೆ, ಮಂದ ಕೆಂಪು ಟಾರ್ಚ್, ಕಾಗದದ ಮೇಲೆ ಮುದ್ರಿಸಿದ ನಕ್ಷೆ. ಕಪ್ಪು ಬಟ್ಟೆ ನೋಡಿ ಜನ ನಗಬಹುದು. ನಗಲಿ. ಅಡ್ಡ ಬೆಳಕು ತಡೆಯಲು ಅದಕ್ಕಿಂತ ಅಗ್ಗದ ಸಲಕರಣೆ ಇಲ್ಲ. ಅಕ್ಟೋಬರಿನಲ್ಲಿ ಇಬ್ಬನಿ ಬೇಗ ಕೂರುತ್ತದೆ, ಐಪೀಸುಗಳನ್ನು ಜೇಬಿನಲ್ಲಿಟ್ಟುಕೊಳ್ಳಿ.

ದಾರಿ ಹಿಡಿಯುವುದು

ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬಿಡಿ. ಅಷ್ಟರಲ್ಲಿ ಫೋನ್ ಮುಟ್ಟಬೇಡಿ.

ಅಕ್ಟೋಬರ್ ಸಂಜೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ತುಸು ಬಲಕ್ಕೆ ಧನು ರಾಶಿಯ ಟೀಪಾಟ್ ಆಕಾರ ಕಾಣುತ್ತದೆ. ಅದರ ಹಿಡಿಯ ಮೇಲ್ಭಾಗದ ಪ್ರಕಾಶಮಾನ ನಕ್ಷತ್ರ ನುಂಕಿ, ನಮ್ಮ ಉತ್ತರಾಷಾಢದ ನಕ್ಷತ್ರಗಳಲ್ಲಿ ಒಂದು. ಅಲ್ಲಿಂದ ಈಶಾನ್ಯಕ್ಕೆ, ಅಂದರೆ ಮೇಲಕ್ಕೆ ಎಡಕ್ಕೆ ಹತ್ತಬೇಕು. ಸುಮಾರು 6 ಡಿಗ್ರಿ ಹೋದರೆ ಪೈ ನಕ್ಷತ್ರ, ಕಾಂತಿಮಾನ 2.9. ಅದೇ ದಿಕ್ಕಿನಲ್ಲಿ ಇನ್ನೂ 4 ಡಿಗ್ರಿ ಹೋದರೆ ರೋ-1, ಕಾಂತಿಮಾನ 3.9. ಇಲ್ಲಿಯವರೆಗೆ ಬರಿಗಣ್ಣು ಸಾಕು.

ಈಗ ಫೈಂಡರ್ (ಟೆಲಿಸ್ಕೋಪಿನ ಮೇಲೆ ಕೂರಿಸಿರುವ ಸಣ್ಣ ದುರ್ಬೀನು) ಅಥವಾ ಬೈನಾಕ್ಯುಲರ್‌ಗೆ ಬನ್ನಿ. ರೋ-1ರಿಂದ ಪೂರ್ವಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿ 5 ಡಿಗ್ರಿ ಸರಿದರೆ ಅರ್ಧ ಡಿಗ್ರಿ ಅಂತರದಲ್ಲಿ ನಿಂತಿರುವ ಜೋಡಿ ಸಿಗುತ್ತದೆ. ಅದೇ 54 ಮತ್ತು 55. ಪೂರ್ವದ ಕಡೆ ಇರುವುದು 55. ಅದರಿಂದ ಉತ್ತರಕ್ಕೆ ಸುಮಾರು ಒಂದೂಕಾಲು ಡಿಗ್ರಿ, ಪೂರ್ವಕ್ಕೆ ಅರ್ಧ ಡಿಗ್ರಿ ಸರಿಯಿರಿ. ಗೆಲಾಕ್ಸಿ ಅಲ್ಲಿದೆ. ಕಾಣಲಿಲ್ಲವೇ? ಸಹಜ. ಅಲ್ಲಿಂದ ಮೇಲಕ್ಕೆ ಹೋಗಿ ಎನ್‌ಜಿಸಿ 6818 ಹಿಡಿಯಿರಿ. ಕಡಿಮೆ ವರ್ಧನೆಯಲ್ಲಿ ಅದು ನಕ್ಷತ್ರದ ಹಾಗೇ ಕಾಣುತ್ತದೆ, ಆದ್ದರಿಂದ ಅನುಮಾನ ಬಂದ ಚುಕ್ಕೆಯ ಮೇಲೆ ವರ್ಧನೆ ಏರಿಸಿ ನೋಡಿ. ತಟ್ಟೆಯಾದರೆ ಅದೇ. ಅದರ ಮೇಲೆ ಫೋಕಸ್ ಸರಿಮಾಡಿ, ಓ-3 ಫಿಲ್ಟರ್ ಹಿಡಿದು ಅದು ಹೇಗೆ ಎದ್ದು ಕಾಣುತ್ತದೆ ನೋಡಿಕೊಳ್ಳಿ. ಸ್ವಲ್ಪ ಹೊತ್ತಿನಲ್ಲಿ ಇದೇ ಪರೀಕ್ಷೆ ಮಾಡಬೇಕಿದೆ.

ಈಕ್ವಟೋರಿಯಲ್ ಮೌಂಟ್ (ಧ್ರುವ ನಕ್ಷತ್ರದ ಕಡೆ ವಾಲಿದ ಅಕ್ಷದ ಮೇಲೆ ತಿರುಗುವ ಪೀಠ) ಇರುವವರಿಗೆ ಇನ್ನೊಂದು ಸುಲಭ ದಾರಿ. ಮಕರ ರಾಶಿಯ ಬೀಟಾ ನಕ್ಷತ್ರ, ಅಂದರೆ ದಾಬಿ, ಮತ್ತು ಈ ಗೆಲಾಕ್ಸಿ ಎರಡೂ ಹೆಚ್ಚು ಕಡಿಮೆ ಒಂದೇ ಡೆಕ್ಲಿನೇಶನ್, ಅಂದರೆ ಆಕಾಶದ ಅಕ್ಷಾಂಶದ ಗೆರೆಯ ಮೇಲಿವೆ, ಮೈನಸ್ 14 ಡಿಗ್ರಿ 47-48 ಮಿನಿಟ್. ದಾಬಿಯನ್ನು ನಡುವಿಗೆ ತಂದು, ಡೆಕ್ಲಿನೇಶನ್ ಬಿಗಿಮಾಡಿ, ಪಶ್ಚಿಮಕ್ಕೆ 36 ಮಿನಿಟ್ (ಇದು ಕಾಲದ ಮಿನಿಟ್) ವಿಷುವದಂಶ, ಅಂದರೆ ಆಕಾಶದ ರೇಖಾಂಶ, ತಿರುಗಿಸಿದರೆ ನೇರ ಗೆಲಾಕ್ಸಿಯ ಮೇಲೆ ಹೋಗಿ ನಿಲ್ಲುತ್ತೀರಿ.

ಬೆಳಗಿನ ಜಾವ ನೋಡುವವರಿಗೆ ದಾರಿ ಇದೇ, ಆದರೆ ಚಿತ್ರವೆಲ್ಲ ಎಡಕ್ಕೆ ಓರೆಯಾಗಿರುತ್ತದೆ. ನಕ್ಷೆಯನ್ನೂ ಅಷ್ಟೇ ತಿರುಗಿಸಿ ಹಿಡಿಯಿರಿ.

ಗೆಲಾಕ್ಸಿಯನ್ನು ನೋಡುವುದು

32 ಮಿ.ಮೀ. ಐಪೀಸ್. ಫಿಲ್ಟರ್ ಇಲ್ಲ. ತಲೆಯ ಮೇಲೆ ಬಟ್ಟೆ. ಮೊದಲು ಗೆಲಾಕ್ಸಿಯನ್ನು ಹುಡುಕಬೇಡಿ, ಅದರ ಜಾಗವನ್ನು ಸುತ್ತಲಿನ ನಕ್ಷತ್ರಗಳಿಂದ ನಕ್ಷೆಯೊಂದಿಗೆ ತಾಳೆ ಹಾಕಿ ಖಚಿತ ಮಾಡಿಕೊಳ್ಳಿ. ಆಮೇಲೆ ಓರೆನೋಟ. ಬಲಗಣ್ಣಿನಲ್ಲಿ ನೋಡುವವರು ದೃಷ್ಟಿಯನ್ನು ತುಸು ಬಲಕ್ಕೆ ಇಡಿ, ಗೆಲಾಕ್ಸಿ ಮೂಗಿನ ಕಡೆಗೆ ಬೀಳಲಿ. ಇನ್ನೊಂದು ಪಕ್ಕಕ್ಕೆ ಬಿದ್ದರೆ ಕಣ್ಣಿನ ಕುರುಡು ಚುಕ್ಕೆ ಅದನ್ನು ನುಂಗಿಬಿಡಬಹುದು. ನಂತರ ಟೆಲಿಸ್ಕೋಪಿನ ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ನಿಂತಿರುವ ಮಸುಕಿಗಿಂತ ಅಲುಗುವ ಮಸುಕು ಕಣ್ಣಿಗೆ ಬೇಗ ಸಿಗುತ್ತದೆ.

ಸಿಗುವುದು ಉತ್ತರ-ದಕ್ಷಿಣವಾಗಿ ಚಾಚಿದ, ಸುಮಾರು 8 ಆರ್ಕ್‌ಮಿನಿಟ್ ಉದ್ದದ ಒಂದು ಮಸುಕು ಪಟ್ಟಿ. ಅದು ಗೆಲಾಕ್ಸಿಯ ನಡುದಂಡ. ಅಂಚು ಇರುವುದಿಲ್ಲ, ನಡುವೆ ಪ್ರಕಾಶಮಾನ ತಿರುಳೂ ಇರುವುದಿಲ್ಲ. ಅದರ ಮೇಲೆ ಚೆಲ್ಲಿದ ಹಾಗೆ ಕಾಣುವ ನಕ್ಷತ್ರಗಳು ಆ ಗೆಲಾಕ್ಸಿಯವಲ್ಲ, ದಾರಿಯಲ್ಲಿ ಅಡ್ಡ ಬರುವ ನಮ್ಮ ಆಕಾಶಗಂಗೆಯವು. ದೊಡ್ಡ ಟೆಲಿಸ್ಕೋಪ್ ಇದ್ದವರು ಇಲ್ಲಿ ಸೋಲುವುದು ಜಾಸ್ತಿ. 16 ಇಂಚಿನಲ್ಲಿ 150 ಪಟ್ಟು ಹಾಕಿಕೊಂಡು ಕೂತರೆ ನೋಟದ ತುಂಬಾ ಗೆಲಾಕ್ಸಿಯೇ ಇರುತ್ತದೆ, ಹೋಲಿಸಿ ನೋಡಲು ಪಕ್ಕದಲ್ಲಿ ಕಪ್ಪು ಆಕಾಶ ಇರುವುದಿಲ್ಲ. ಬರ್ನಾರ್ಡ್ ಅವರಿಗೆ ಸಣ್ಣ ಟೆಲಿಸ್ಕೋಪಿನಲ್ಲಿ ಇದು ಸಿಕ್ಕಿದ್ದು ಸುಮ್ನೆ ಅಲ್ಲ.

ದಂಡದ ಉತ್ತರ ತುದಿ ಯಾವುದು ಅಂತ ಈಗಲೇ ಗುರುತು ಮಾಡಿಕೊಳ್ಳಿ. ಟೆಲಿಸ್ಕೋಪ್ ಅಲುಗಿಸದೆ ಬಿಟ್ಟರೆ ನಕ್ಷತ್ರಗಳು ಸರಿದುಹೋಗುವ ಕಡೆ ಪಶ್ಚಿಮ. ಕೊಳವೆಯನ್ನು ಧ್ರುವ ನಕ್ಷತ್ರದ ಕಡೆ ಒಂಚೂರು ಒತ್ತಿದರೆ ಹೊಸ ನಕ್ಷತ್ರಗಳು ಒಳಬರುವ ಅಂಚು ಉತ್ತರ.

ನೀಹಾರಿಕೆಗಳು: ಹಬಲ್ 5 ಮತ್ತು 10

ಈಗ 20 ಮಿ.ಮೀ. ಐಪೀಸಿಗೆ ಬನ್ನಿ, ಆಮೇಲೆ 10ಕ್ಕೆ. ವರ್ಧನೆ ಏರಿಸಿದ ಕೂಡಲೇ ಗೆಲಾಕ್ಸಿಯ ಮಸುಕು ಕರಗಿಹೋಗುತ್ತದೆ. ಗಾಬರಿ ಬೇಡ, ಅದರ ಕೆಲಸ ಮುಗಿಯಿತು. ಬೇಕಿರುವುದು ಗೆಲಾಕ್ಸಿಯ ನಡುವಿನಿಂದ 5 ಆರ್ಕ್‌ಮಿನಿಟ್ ಉತ್ತರದ ಜಾಗ. ಅಲ್ಲಿ ಪೂರ್ವ-ಪಶ್ಚಿಮವಾಗಿ 3 ಆರ್ಕ್‌ಮಿನಿಟ್ ಅಂತರದಲ್ಲಿ ಎರಡು ಮಂಕು ಚುಕ್ಕೆಗಳಿವೆ. ಪಶ್ಚಿಮದ್ದು ಹಬಲ್ 5, ಪೂರ್ವದ್ದು ಹಬಲ್ 10.

ಫಿಲ್ಟರ್ ಇಲ್ಲದೆ ಇವು ಸುತ್ತಲಿನ ಮಂಕು ನಕ್ಷತ್ರಗಳ ಗುಂಪಿನಲ್ಲಿ ಬೆರೆತುಹೋಗಿರುತ್ತವೆ. ಇಲ್ಲೇ ಮಿಟುಕಿಸುವ ಉಪಾಯ ಬೇಕಾಗುವುದು. ಫಿಲ್ಟರನ್ನು ಐಪೀಸಿಗೆ ತಿರುಪಬೇಡಿ. ಬೆರಳುಗಳ ನಡುವೆ ಅಂಚಿನಲ್ಲಿ ಹಿಡಿದು, ಕಣ್ಣು ಮತ್ತು ಐಪೀಸಿನ ನಡುವೆ ಒಳಕ್ಕೆ ಹೊರಕ್ಕೆ ಆಡಿಸಿ. ಫಿಲ್ಟರ್ ಬಂದಾಗ ನಕ್ಷತ್ರಗಳೆಲ್ಲ ಒಂದು ಹಂತ ಮಂಕಾಗುತ್ತವೆ, ಎಷ್ಟೋ ನಕ್ಷತ್ರಗಳು ಮಾಯವೇ ಆಗುತ್ತವೆ. ನಕ್ಷತ್ರದ ಬೆಳಕು ಎಲ್ಲ ಬಣ್ಣಗಳಿಗೂ ಹಂಚಿರುವುದರಿಂದ ಫಿಲ್ಟರ್ ಅದರ ಬಹುಪಾಲು ತಡೆಯುತ್ತದೆ. ಆದರೆ ಎರಡು ಚುಕ್ಕೆಗಳು ಇದ್ದ ಹಾಗೇ ಉಳಿಯುತ್ತವೆ. ಸುತ್ತಲೂ ಮಂಕಾದ್ದರಿಂದ ಹೊಳಪು ಹೆಚ್ಚಾದ ಹಾಗೂ ಕಾಣುತ್ತವೆ. ಒಂದೆರಡು ಸಲ ಆಡಿಸಿ ನೋಡಿದ ಮೇಲೆ ಅನುಮಾನ ಉಳಿಯುವುದಿಲ್ಲ. ಆಗ ಫಿಲ್ಟರನ್ನು ತಿರುಪಿ ಕೂರಿಸಿ, ನಿಧಾನವಾಗಿ ನೋಡುತ್ತ ಕೂರಿ.

ಎಷ್ಟು ವರ್ಧನೆ ಸರಿ ಅನ್ನುವುದನ್ನು ಆವತ್ತಿನ ಗಾಳಿಯೇ ತೀರ್ಮಾನಿಸುತ್ತದೆ. ಗಾಳಿ ಅಲುಗಾಡದೆ ನಿಂತಿದ್ದರೆ 120ರಿಂದ 150 ಪಟ್ಟಿನಲ್ಲಿ ಹಬಲ್ 5 ಚುಕ್ಕೆಯಲ್ಲ, ಸಣ್ಣ ಗೋಲ ಅನ್ನುವುದು ತಿಳಿಯುತ್ತದೆ. ಹಬಲ್ 10 ಇನ್ನೂ ಸಣ್ಣದು. 12 ಇಂಚಿನಲ್ಲಿ ಎರಡಕ್ಕೂ ಗಾತ್ರ ಇರುವುದು ಸ್ಪಷ್ಟ. ಬಣ್ಣವನ್ನು ನಿರೀಕ್ಷಿಸಬೇಡಿ, ಬೂದಿ ಬಣ್ಣವೇ.

ಮೋಸ ಹೋಗುವ ಸಂದರ್ಭಗಳೂ ಇವೆ. ಒತ್ತಾಗಿರುವ ಎರಡು ಮೂರು ಮಂಕು ನಕ್ಷತ್ರಗಳು ಸೇರಿ ಸಣ್ಣ ಮೋಡದ ಹಾಗೆ ಕಾಣಬಹುದು. ಫಿಲ್ಟರ್ ಹಿಡಿದಾಗ ಅದು ಮಂಕಾದರೆ ನೀಹಾರಿಕೆ ಅಲ್ಲ. ಐಪೀಸಿನ ಮೇಲೆ ಇಬ್ಬನಿ ಕೂತಿದ್ದರೆ ಪ್ರತಿ ನಕ್ಷತ್ರವೂ ನೀಹಾರಿಕೆಯೇ! ಅನುಮಾನ ಬಂದಾಗಲೆಲ್ಲ ಎನ್‌ಜಿಸಿ 6818ಕ್ಕೆ ಹಿಂತಿರುಗಿ ಫೋಕಸ್ ಪರೀಕ್ಷಿಸಿ.

ಇವೆರಡೂ ಸಿಕ್ಕವರಿಗೆ, ಅದರಲ್ಲೂ 16 ಇಂಚಿಗಿಂತ ದೊಡ್ಡ ಟೆಲಿಸ್ಕೋಪ್ ಕೈಗೆ ಸಿಕ್ಕವರಿಗೆ, ಮುಂದಿನ ಗುರಿ ಹಬಲ್ 1 ಮತ್ತು 3. ಹಬಲ್ 5ರಿಂದ ಸುಮಾರು 5 ಆರ್ಕ್‌ಮಿನಿಟ್ ಪಶ್ಚಿಮಕ್ಕೆ, ಒಂಚೂರು ಉತ್ತರಕ್ಕೆ ಒಂದರ ಪಕ್ಕ ಒಂದಿವೆ. ಫೋಟೋಗಳಲ್ಲಿ ಗುಳ್ಳೆ, ಉಂಗುರಗಳ ಹಾಗೆ ಕಾಣುವ ಇವು ದೊಡ್ಡವು ಮತ್ತು ತೀರಾ ತೆಳುವು. ಹಾಗಾಗಿ ಇವಕ್ಕೆ ಮತ್ತೆ ಕಡಿಮೆ ವರ್ಧನೆ, ಆದರೆ ಫಿಲ್ಟರ್ ಜೊತೆ. ಹಬಲ್ 7 ಎಂಬುದನ್ನು ನಕ್ಷೆಯಲ್ಲಿ ನೋಡಿ ಫಿಲ್ಟರ್ ಹಿಡಿದು ಹುಡುಕಬೇಡಿ. ಅದು ಅನಿಲವಲ್ಲ, ವಯಸ್ಸಾದ ನಕ್ಷತ್ರಗಳ ಗುಚ್ಛ.

ಕಂಡದ್ದನ್ನು ಪೆನ್ಸಿಲ್ಲಿನಲ್ಲಿ ಗೀಚಿಕೊಳ್ಳಿ. ಚೆನ್ನಾಗಿ ಬರೆಯಬೇಕಿಲ್ಲ. ನಾಲ್ಕು ನಕ್ಷತ್ರ, ಎರಡು ಚುಕ್ಕೆ, ಉತ್ತರದ ಬಾಣ, ಸಮಯ, ಐಪೀಸ್, ಫಿಲ್ಟರ್. ಫೋಟೋ ನೋಡುವ ಮೊದಲೇ ಗೀಚಬೇಕು. ಮನೆಗೆ ಹೋಗಿ ಫೋಟೋ ಜೊತೆ ತಾಳೆ ಹಾಕಿದಾಗ ನಿಜವಾಗಿ ಕಂಡಿದ್ದೆಷ್ಟು, ಊಹಿಸಿದ್ದೆಷ್ಟು ಗೊತ್ತಾಗುತ್ತದೆ.

ಕ್ಯಾಮೆರಾ ಇದ್ದವರಿಗೆ

ಕಣ್ಣಿಗೆ ಬೂದಿಯಾಗಿ ಕಂಡ ನೀಹಾರಿಕೆಗಳು ಕ್ಯಾಮೆರಾದಲ್ಲಿ ಕೆಂಪಾಗುತ್ತವೆ. ಅದು ಹೈಡ್ರೋಜನ್ನಿನ 656.3 ನ್ಯಾನೋಮೀಟರ್ ಬೆಳಕು, ರಾತ್ರಿಯ ಕಣ್ಣಿಗೆ ಅದು ಸಿಗುವುದೇ ಇಲ್ಲ. ಹಾಗಾಗಿ ಕಣ್ಣಿಗೆ ಕಷ್ಟವಾದ ಹಬಲ್ 1 ಮತ್ತು 3 ಫೋಟೋದಲ್ಲಿ ಸುಲಭ.

500-600 ಮಿ.ಮೀ. ಲೆನ್ಸ್ ಮತ್ತು ಎಪಿಎಸ್-ಸಿ ಕ್ಯಾಮೆರಾ ಆದರೆ ಗೆಲಾಕ್ಸಿ ಮತ್ತು ಎನ್‌ಜಿಸಿ 6818 ಒಂದೇ ಚೌಕಟ್ಟಿನಲ್ಲಿ ಕೂರುತ್ತವೆ. ಸಾಮಾನ್ಯ ಡಿಎಸ್‌ಎಲ್‌ಆರ್ ಒಳಗಿನ ಗಾಜು ಆ ಕೆಂಪು ಬೆಳಕಿನ ಹೆಚ್ಚು ಪಾಲನ್ನು ತಡೆದುಬಿಡುತ್ತದೆ. ಆ ಗಾಜು ತೆಗೆಸಿದ ಕ್ಯಾಮೆರಾ ಇದ್ದರೆ ಒಳ್ಳೆಯದು. ಫಿಲ್ಟರ್ ಇಲ್ಲದೆ ಒಂದಷ್ಟು ಗಂಟೆ ಗೆಲಾಕ್ಸಿಯ ನಕ್ಷತ್ರಗಳಿಗಾಗಿ, ಆ ಕೆಂಪು ಬೆಳಕನ್ನು ಮಾತ್ರ ಬಿಡುವ ಎಚ್-ಆಲ್ಫಾ ಫಿಲ್ಟರಿನಲ್ಲಿ ಒಂದಷ್ಟು ಗಂಟೆ ನೀಹಾರಿಕೆಗಳಿಗಾಗಿ ತೆಗೆದು ಎರಡನ್ನೂ ಬೆರೆಸಿ. ಸಂಜೆ ಎರಡು ಗಂಟೆಯಷ್ಟೇ ಸಿಗುವುದರಿಂದ ಒಂದೇ ರಾತ್ರಿಯಲ್ಲಿ ಮುಗಿಯುವುದಿಲ್ಲ. ನಾಲ್ಕೈದು ಸಂಜೆಗಳಿಗೆ ಹಂಚಿ.

ಸೀಸ್ಟಾರ್ ಎಸ್50 ತರಹದ ಸ್ಮಾರ್ಟ್ ಟೆಲಿಸ್ಕೋಪ್ ಈಗ ಹಲವರ ಕೈಲಿದೆ. ಅದರ ಒಳಗಿರುವ ಎರಡು ಬಣ್ಣದ ಫಿಲ್ಟರ್ ಈ ಕೆಲಸಕ್ಕೆ ಬರುತ್ತದೆ. ಹಬಲ್ 5 ಅದರಲ್ಲಿ ಹತ್ತು ಹನ್ನೊಂದು ಪಿಕ್ಸೆಲ್ ಅಗಲ ಮಾತ್ರ ಇರುತ್ತದೆ, ಹಬಲ್ 10 ಆರು. ಅಷ್ಟರಲ್ಲಿ ವಿವರ ಹುಡುಕಬೇಡಿ, ಕೆಂಪು ಚುಕ್ಕೆಗಳ ಜಾಗ ಗುರುತಿಸಿದರೆ ಆಯಿತು. ಮೊದಲು ಫಿಲ್ಟರ್ ಇಲ್ಲದೆ ಅರ್ಧ ಗಂಟೆ, ಆಮೇಲೆ ಫಿಲ್ಟರ್ ಹಾಕಿ ಒಂದು ಗಂಟೆ ಬಿಡಿ. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಕಣ್ಣಿನ ಮುಂದೆ ಫಿಲ್ಟರ್ ಆಡಿಸಿ ಮಾಡುವ ಪರೀಕ್ಷೆಯನ್ನೇ ಕ್ಯಾಮೆರಾದಲ್ಲಿ ಮಾಡಿದ ಹಾಗಾಗುತ್ತದೆ.

ಆಸ್ಟ್ರೇಲಿಯಾದಲ್ಲಿರುವ ಕನ್ನಡಿಗರಿಗೆ ಈ ಕಷ್ಟದ ಅರ್ಧವೂ ಇಲ್ಲ. ಸಿಡ್ನಿಯಲ್ಲಿ ಎನ್‌ಜಿಸಿ 6822 ಜುಲೈ ನಡುರಾತ್ರಿ 70 ಡಿಗ್ರಿ ಎತ್ತರಕ್ಕೆ ಬರುತ್ತದೆ, ಅದೂ ಅವರ ಚಳಿಗಾಲದ ದೀರ್ಘ ರಾತ್ರಿಗಳಲ್ಲಿ. ಜೊತೆಗೆ ದೊಡ್ಡ ಮೆಗಲಾನಿಕ್ ಮೋಡದ ಟರಾಂಟುಲಾ ನೀಹಾರಿಕೆ ಅಲ್ಲಿ ಮುಳುಗುವುದೇ ಇಲ್ಲ. ಅದೂ ಬೇರೊಂದು ಗೆಲಾಕ್ಸಿಯ ನಕ್ಷತ್ರ ಹುಟ್ಟುವ ಜಾಗ, ಬೈನಾಕ್ಯುಲರಿಗೇ ಸಿಗುತ್ತದೆ. ಬೆಂಗಳೂರಿನಿಂದ ಅದು ಅತಿ ಹೆಚ್ಚೆಂದರೆ ದಿಗಂತದಿಂದ 8 ಡಿಗ್ರಿ ಏಳುತ್ತದೆ. ಜನವರಿ ರಾತ್ರಿಗಳಲ್ಲಿ, ದಕ್ಷಿಣಕ್ಕೆ ಮರ-ಗುಡ್ಡ ಯಾವುದೂ ಅಡ್ಡ ಇಲ್ಲದ ಬಯಲು ಸಿಕ್ಕರೆ ಪ್ರಯತ್ನಿಸಬಹುದು. ಅಲ್ಲಿಗೂ ಓ-3 ಫಿಲ್ಟರ್ ಒಯ್ಯಿರಿ.